ಚಿತ್ರ ವಿಮರ್ಶಕನ ಧರ್ಮ

ವೃತ್ತಪತ್ರಿಕೆಯ ಕಛೇರಿಯಲ್ಲಿ ಅತ್ಯಂತ ಹಗುರವಾದ ಕೆಲಸ ಯಾವುದೆಂದು ಕೇಳಿದರೆ ಬಹುಮಂದಿ ಸಿನಿಮಾ ವಿಮರ್ಶಕನ ಕಡೆಗೆ ಬೆರಳು ತೋರಿಸುವರು. ಶಾಸನಸಭೆಯ ಚರ್ಚೆಯನ್ನು ವರದಿಮಾಡುವವನು ಗಣ್ಯನು. ಬೆಳೆ, ಬೆಲೆ, ತೆರಿಗೆಗಳನ್ನು ಕುರಿತು ಬರೆಯುವವನು ತಿಳಿದವನು. ಚಿತ್ರಮಂದಿರದ ಕತ್ತಲೆಯಲ್ಲಿ ಮೂರು ಗಂಟೆ ಕುಳಿತೆದ್ದು ಒಂದು ಕಾಲಮು ಗೀಚಿಕೊಡುವವನು ಮಾತ್ರ ಪುಕ್ಕಟೆ ಆಟ ನೋಡಿ ಸಂಬಳವನ್ನೂ ಪಡೆಯುವ ಅದೃಷ್ಟಶಾಲಿ. ಜನರ ಎಣಿಕೆ ಹೀಗಿದೆ. ಪತ್ರಿಕೆಗಳ ಒಡೆಯರಲ್ಲಿಯೂ ಅನೇಕರ ಎಣಿಕೆ ಇದೇ ಆಗಿರುವುದರಿಂದ, ಆ ಕೆಲಸವನ್ನು ಬೇರೆ ಯಾವುದಕ್ಕೂ ಒದಗದವನೊಬ್ಬನಿಗೆ ವಹಿಸಿ ನಿಶ್ಚಿಂತರಾಗುವುದೂ ಉಂಟು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಅಧಿಕಾರಿ, ಗುಮಾಸ್ತೆ, ಕೂಲಿ, ವಿದ್ಯಾರ್ಥಿ ಎಂಬ ಭೇದವಿಲ್ಲದೆ ಸಕಲರೂ ತಮ್ಮ ದುಡಿಮೆಯ ಹಣವನ್ನು ತೆತ್ತು ನೋಡುವ ವಸ್ತು ಸಿನಿಮಾ. ಅದರಲ್ಲಿ ಸಾರವೆಷ್ಟು, ಮೋಸವೆಷ್ಟು ಎಂಬುದನ್ನು ದಾಕ್ಷಿಣ್ಯವಿಲ್ಲದೆ ತಿಳಿಸುವ ಹೊಣೆಯನ್ನು ಹೊತ್ತವನ ಕೆಲಸವು ಹಗುರವಾಗುವುದೆಂತು? ಆ ಹೊಣೆ ಎಷ್ಟು ಭಾರವಾದುದೆಂಬುದಕ್ಕೆ ಮುಂಬಯಿಯ ಪತ್ರಿಕೋದ್ಯಮಿ ಖ್ವಾಜಾ ಅಹಮದ್ ಅಬ್ಬಾಸರ ಬಾಳು ಉತ್ತಮ ದೃಷ್ಟಾಂತವಾಗಿದೆ.

ಅಬ್ಬಾಸರೆಂದೊಡನೆ ಇಂದಿನವರಿಗೆ ನೆನಪಾಗುವುದು ರಾಜಕಪೂರರ 'ಆವಾರಾ' ಚಿತ್ರದ ಕಥೆ. ಇಲ್ಲವೆ, ೧೯೬೯ರ 'ಸಾತ್ ಹಿಂದೂಸ್ತಾನಿ' ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರಿಗೆ ಮೊದಲ ಪಾತ್ರವನ್ನು ಕೊಟ್ಟವರೆಂಬ ಸಂಗತಿ. ಇವೆರಡೂ ನಿಜವೇ. ಆದರೆ ಈ ಎರಡು ಕೀರ್ತಿಗಳ ಹಿಂದೆ ದಿನಪತ್ರಿಕೆಯೊಂದರ ಸಿನಿಮಾ ಪುಟವಿದೆಯೆಂಬುದನ್ನು ಬಲ್ಲವರು ವಿರಳ. ಅವರ ಜನನವು ೧೯೧೪ನೆಯ ಇಸವಿ ಜೂನ್ ೭ರಂದು ಪಾಣಿಪತ್ತಿನಲ್ಲಾಯಿತು. ಉರ್ದು ಭಾಷೆಯ ಮಹಾಕವಿ ಹಾಲಿಯವರ ವಂಶಕ್ಕೆ ಸೇರಿದವರು. ಅಲೀಗಢದ ವಿಶ್ವವಿದ್ಯಾನಿಲಯದಲ್ಲಿ ಮೊದಲು ಸಾಹಿತ್ಯವನ್ನೂ ಅನಂತರ ಕಾನೂನನ್ನೂ ಓದಿದರು. ಓದುತ್ತಿರುವಾಗಲೇ 'ಅಲೀಗಢ್ ಒಪೀನಿಯನ್' ಎಂಬ ವಿದ್ಯಾರ್ಥಿಗಳ ವಾರಪತ್ರಿಕೆಯನ್ನು ಹೊರಡಿಸಿದರು. ೧೯೩೫ರಲ್ಲಿ ಕಾನೂನು ಪರೀಕ್ಷೆ ಮುಗಿದಾಗ ವಕೀಲರ ಕರಿಯ ಕೋಟು ಅವರಿಗಾಗಿ ಕಾದಿತ್ತು. ಅದನ್ನು ತೊಡದೆ ಅವರು ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಪತ್ರಿಕೆಯನ್ನು ಸೇರಿದರು.

ಆ ಪತ್ರಿಕೆ ಸಾಮಾನ್ಯವಾದುದಲ್ಲ. ಫಿರೋಜ್‌ಶಹಾ ಮೆಹ್ತಾರವರು ಸ್ಥಾಪಿಸಿದ ಪತ್ರಿಕೆಯದು. ಅದರ ಸಂಪಾದಕರಾಗಿದ್ದ ಹಾರ್ನಿಮನ್ನರು ಜಾತಿಯಿಂದ ಆಂಗ್ಲೇಯರಾದರೂ, ಭಾರತೀಯರ ಪಕ್ಷವನ್ನು ವಹಿಸಿದ ಕಾರಣಕ್ಕಾಗಿ ೧೯೧೯ರಲ್ಲಿ ಸರ್ಕಾರವು ಅವರನ್ನು ದೇಶದಿಂದಲೇ ಹೊರಗಟ್ಟಿತು. ಅಬ್ಬಾಸರು ಸೇರುವ ಕಾಲಕ್ಕೆ ಸಯ್ಯದ್ ಅಬ್ದುಲ್ಲಾ ಬ್ರೇಲ್ವಿಯವರು ಸಂಪಾದಕರಾಗಿದ್ದರು. ಇಂತಹ ಪತ್ರಿಕೆಯಲ್ಲಿ ಸಿನಿಮಾ ಪುಟಕ್ಕೂ ಸ್ಥಾನವಿದ್ದಿತೆಂಬುದು ಗಮನಿಸತಕ್ಕ ಅಂಶ. ಅಲ್ಲಿ ಆ ಪುಟವನ್ನು ನೋಡಿಕೊಳ್ಳುತ್ತಿದ್ದವರು ತೀರಿಕೊಳ್ಳಲಾಗಿ ಆ ಹೊಣೆಯು ತರುಣ ಅಬ್ಬಾಸರ ಹೆಗಲಿಗೆ ಬಂದಿತು.

ಆಗಿನ ಕಾಲಮಾನವನ್ನು ವಾಚಕರು ನೆನೆಯಬೇಕು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಹೊರಬಂದುದು ೧೯೩೧ರಲ್ಲಿ. ನಮ್ಮ ಕನ್ನಡದ 'ಸತಿ ಸುಲೋಚನ' ೧೯೩೪ರಲ್ಲಿ. ಚಿತ್ರಕ್ಕೆ ನಾಲಗೆ ಬಂದು ಇನ್ನೂ ನಾಲ್ಕೈದು ವರ್ಷವಾಗಿದ್ದಿತಷ್ಟೆ. ಮರ್ಯಾದಸ್ಥರ ಮನೆಗಳಲ್ಲಿ ಸಿನಿಮಾದ ಹೆಸರೆತ್ತುವುದೇ ಅಪಚಾರವೆನಿಸಿತ್ತು. ಪತ್ರಿಕೆಗಳಲ್ಲಿ ಅದರ ವಿಷಯವಾಗಿ ಬರುತ್ತಿದ್ದುದರಲ್ಲಿ ಬಹುಪಾಲು ಕಂಪೆನಿಗಳವರೇ ಕಳುಹಿಸಿದ ಸ್ತುತಿಪಾಠ. ಇಂತಹ ಕಾಲದಲ್ಲಿ ಒಂದು ಚಿತ್ರವನ್ನು ಕಾದಂಬರಿಯಂತೆಯೂ ನಾಟಕದಂತೆಯೂ ತೂಗಿನೋಡಿ, ಅದು ನಮ್ಮ ಜನರ ಬಾಳಿನ ವಿಷಯವಾಗಿ ಏನು ಹೇಳುತ್ತದೆಂದು ಕೇಳುವ ಲೇಖನಿಯು ಹೊಸತಾಗಿತ್ತು. ವಿಮರ್ಶಕನೆಂದರೆ ತೆಗಳುವವನೆಂದು ತಿಳಿಯುವವರೂ ಉಂಟು. ಶಾಂತಾರಾಮರು ಪ್ರಭಾತ್ ಸಂಸ್ಥೆಯಿಂದ ತೆಗೆದ 'ಆದ್ಮಿ' (೧೯೩೯) ಎಂಬ ಚಿತ್ರವನ್ನು ಅಬ್ಬಾಸರು ಮನಸಾರೆ ಮೆಚ್ಚಿ ಬರೆದರು. ಒಬ್ಬ ಪೋಲೀಸು ಪೇದೆಗೂ ಒಬ್ಬ ವೇಶ್ಯೆಗೂ ನಡುವಣ ಸ್ನೇಹವನ್ನು ಕುರಿತ ಆ ಚಿತ್ರದಲ್ಲಿ, ಪ್ರೇಮ ಫಲಿಸದಿದ್ದರೆ ಕುಡಿದು ಸಾಯಬೇಕಾಗಿಲ್ಲ, ದುಡಿದು ಬಾಳಬೇಕು ಎಂಬ ಗಟ್ಟಿಯಾದ ಮಾತಿತ್ತು. ದೇಶವು ಮೈಕೊಡವಿ ಏಳುತ್ತಿದ್ದ ಕಾಲಕ್ಕೆ ಆ ಮಾತು ಬೇಕಾಗಿತ್ತೆಂದು ಗುರುತಿಸುವ ಕಣ್ಣು ವಿಮರ್ಶಕನಿಗಿತ್ತು.

ವಿದೇಶದ ಚಿತ್ರಗಳ ವಿಷಯದಲ್ಲಿಯೂ ಆ ಕಣ್ಣು ಎಚ್ಚರವಾಗಿದ್ದಿತು. ೧೯೩೮ರಲ್ಲಿ ಇಂಗ್ಲೆಂಡಿನಿಂದ 'ದಿ ಡ್ರಮ್', ೧೯೩೯ರಲ್ಲಿ ಅಮೆರಿಕದಿಂದ 'ಗಂಗಾ ದಿನ್' ಎಂಬ ಚಿತ್ರಗಳು ಹೊರಟವು. ಭಾರತೀಯರಲ್ಲಿ ಬಿಳಿಯರಿಗೆ ವಿಧೇಯನಾದವನೊಬ್ಬನೇ ಸಜ್ಜನನು, ಎದುರುನಿಂತವನು ಕ್ರೂರಿ ಎಂದು ಜಗತ್ತಿಗೆ ಸಾರುವ ಚಿತ್ರಗಳಿವು. 'ದಿ ಡ್ರಮ್' ಚಿತ್ರದ ವಿರುದ್ಧ ಮುಂಬಯಿಯ ಬೀದಿಗಳಲ್ಲಿ ಪ್ರತಿಭಟನೆ ನಡೆದು ಅದರ ಪ್ರದರ್ಶನವು ನಿಂತಿತು. 'ಗಂಗಾ ದಿನ್' ಚಿತ್ರದ ಬಣ್ಣವನ್ನು ಅಬ್ಬಾಸರು ಬಾಬೂರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಮಾಸಪತ್ರಿಕೆಯಲ್ಲಿ ಬಯಲುಮಾಡಿದರು. ಒಂದು ಜನಾಂಗದ ಮಾನವನ್ನು ತೆರೆಯ ಮೇಲೆ ಹರಾಜು ಹಾಕುತ್ತಿರುವಾಗ 'ಛಾಯಾಗ್ರಹಣವು ಸೊಗಸಾಗಿದೆ, ಸಂಗೀತವು ಇಂಪಾಗಿದೆ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವನು ವಿಮರ್ಶಕನಾಗಲಾರನು.

ಪರರನ್ನು ವಿಮರ್ಶಿಸುವುದು ಸುಲಭ. ಪೂಜ್ಯರಾದವರಿಗೆ ವಿನಯದಿಂದ ಭಿನ್ನಾಭಿಪ್ರಾಯವನ್ನು ತಿಳಿಸುವುದು ಕಷ್ಟ. ಮಹಾತ್ಮಾ ಗಾಂಧಿಯವರು ಸಿನಿಮಾವನ್ನು ಜೂಜು, ಕುದುರೆಪಂದ್ಯ ಮೊದಲಾದ ದುರ್ವ್ಯಸನಗಳ ಸಾಲಿನಲ್ಲಿ ಎಣಿಸಿ ಮಾತನಾಡಿದ್ದರು. ೧೯೩೯ರ ಅಕ್ಟೋಬರಿನಲ್ಲಿ, ಆಗಿನ್ನೂ ಇಪ್ಪತ್ತೈದು ವಯಸ್ಸಿನ ಅಬ್ಬಾಸರು 'ಫಿಲ್ಮ್ ಇಂಡಿಯಾ'ದಲ್ಲಿ ಮಹಾತ್ಮರಿಗೆ ಒಂದು ಬಹಿರಂಗ ಪತ್ರವನ್ನು ಬರೆದರು. ಮಗನು ತಂದೆಗೆ ಬರೆದಂತಹ ಧಾಟಿಯ ಪತ್ರ. ಚಿತ್ರಗಳಲ್ಲಿ ಕೆಟ್ಟವು ಉಂಟು, ಆದರೆ ಕಲೆಯೇ ಕೆಟ್ಟುದಲ್ಲ. ಸತ್ಪುರುಷರು ಮುಖ ತಿರುಗಿಸಿದರೆ ಅದು ಲಾಭಕೋರರ ಪಾಲಾಗಿ ಮತ್ತಷ್ಟು ಕೆಡುವುದು. ಆದುದರಿಂದ ತಮ್ಮಂತಹವರ ಕೃಪಾದೃಷ್ಟಿಯು ಇದರ ಮೇಲೂ ಇರಲಿ, ಎಂಬುದು ಅದರ ತಾತ್ಪರ್ಯ. ಮಹಾತ್ಮರ ಮನಸ್ಸು ಅದರಿಂದ ತಿರುಗಿತೆಂದು ನಾವು ಹೇಳುವುದಿಲ್ಲ. ೧೯೪೪ರಲ್ಲಿ ಜುಹೂವಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಅವರು ವಿಜಯ ಭಟ್ಟರ 'ರಾಮರಾಜ್ಯ'ವನ್ನು ನೋಡಿದರೆಂಬುದು ಪ್ರಸಿದ್ಧವೇ ಆಗಿದ್ದರೂ ಅದಕ್ಕೂ ಈ ಪತ್ರಕ್ಕೂ ಗಂಟುಹಾಕಬೇಕಾಗಿಲ್ಲ. ನಾವು ಮೆಚ್ಚುವುದು ಪತ್ರದ ಧೈರ್ಯವನ್ನು, ಅದಕ್ಕಿಂತ ಹೆಚ್ಚಾಗಿ ಅದರ ಹದವನ್ನು. ದೇಶವೇ ತಲೆಬಾಗುತ್ತಿದ್ದ ವ್ಯಕ್ತಿಗೆ ತಲೆಬಾಗಿಯೇ ತನ್ನ ಮಾತನ್ನು ಬಿಡದೆ ಹೇಳಿದ ರೀತಿಯದು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ೧೯೩೬ರಿಂದ ಅಬ್ಬಾಸರು ಹಿಮಾಂಶು ರಾಯ್ ಮತ್ತು ದೇವಿಕಾರಾಣಿಯವರ ಬಾಂಬೆ ಟಾಕೀಸ್ ಸಂಸ್ಥೆಗೆ ಬಿಡುವಿನ ವೇಳೆಯಲ್ಲಿ ಪ್ರಚಾರದ ಬರಹಗಳನ್ನು ಒದಗಿಸುತ್ತಿದ್ದರು. ಅದೇ ಸಂಸ್ಥೆಗೆ ತಾವು ಬರೆದ ಮೊದಲ ಚಿತ್ರಕಥೆಯನ್ನೂ ಮಾರಿದರು. ಹಗಲು ಪತ್ರಿಕೆಯಲ್ಲಿ ತೀರ್ಪು ಹೇಳುವವನು ಸಂಜೆ ಒಬ್ಬ ಕಕ್ಷಿಗಾರನ ಮನೆಯಲ್ಲಿ ಕೂಲಿ ಪಡೆದರೆ ಅದು ಎರಡು ದೋಣಿಗಳಲ್ಲಿ ಕಾಲಿಟ್ಟಂತೆ. ಅಬ್ಬಾಸರ ಲೇಖನಿಯು ಅದರಿಂದ ವಕ್ರವಾಯಿತೆಂದು ಆರೋಪಿಸುವುದು ನಮ್ಮ ಉದ್ದೇಶವಲ್ಲ. ವರದಿಗಾರರಿಗೆ ದೊರೆಯುವ ಸಂಬಳದಿಂದ ಮುಂಬಯಿಯಂತಹ ಪಟ್ಟಣದಲ್ಲಿ ಸಂಸಾರ ಸಾಗಿಸುವುದು ಎಂತಹ ಕಷ್ಟವೆಂಬುದನ್ನೂ ಬಲ್ಲೆವು. ಆದರೂ ನಿಯಮವು ನಿಯಮವೇ. ಶುದ್ಧವಾದ ಲೇಖನಿಯಿದ್ದರೆ ಸಾಲದು. ಅದು ಶುದ್ಧವಾಗಿದೆಯೆಂಬ ನಂಬಿಕೆಯು ವಾಚಕನಿಗೂ ಇರಬೇಕು. ವಿಮರ್ಶಕನು ಹೊರಗಿನ ಕೂಲಿಗೆ ಕೈಚಾಚುವಂತಾದರೆ ಅದರ ದೋಷದಲ್ಲಿ ಅರ್ಧ ಪಾಲು ಅವನಿಗೆ ಅರೆಹೊಟ್ಟೆಯ ಸಂಬಳ ಕೊಡುವ ಪತ್ರಿಕೆಯ ಒಡೆಯನದು.

ಆ ಮೊದಲ ಚಿತ್ರಕಥೆಯು ೧೯೪೧ರಲ್ಲಿ 'ನಯಾ ಸಂಸಾರ್' ಎಂಬ ಹೆಸರಿನಿಂದ ಹೊರಬಂದಿತು. ಅದರ ವಸ್ತುವೂ ಒಂದು ಪತ್ರಿಕೆ, ಅದರ ಸಂಪಾದಕ, ನಿರ್ಭೀತನಾದ ಒಬ್ಬ ವರದಿಗಾರ. ತೆರೆಯ ಮೇಲೆ ಅಶೋಕಕುಮಾರರು ಆ ವರದಿಗಾರನಾದರು. ಬಳಿಕ ಬರೆದುಕೊಟ್ಟ ಕಥೆಗಳು ಇತರರ ಕೈಯಲ್ಲಿ ಗುರುತು ಸಿಗದಂತಾಗುವುದನ್ನು ಕಂಡು ಬೇಸತ್ತು ಅಬ್ಬಾಸರು ತಾವೇ ನಿರ್ದೇಶನಕ್ಕೆ ಇಳಿದರು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನರು ಅನ್ನವಿಲ್ಲದೆ ಮಡಿದುದನ್ನು ವಸ್ತುವಾಗಿ ಮಾಡಿ, ಜನನಾಟ್ಯ ಸಂಘದ ಕಲಾವಿದರನ್ನು ಕೂಡಿಸಿಕೊಂಡು ಅವರು ೧೯೪೬ರಲ್ಲಿ 'ಧರತೀ ಕೆ ಲಾಲ್' ಚಿತ್ರವನ್ನು ತೆಗೆದರು. ಅದೇ ವರ್ಷ ಅವರ ಕೈಯೂ ಸೇರಿದ ಕಥೆಯಿಂದ ಚೇತನ್ ಆನಂದರು ತೆಗೆದ 'ನೀಚಾ ನಗರ್' ಫ್ರಾನ್ಸಿನ ಕಾನ್ ಪಟ್ಟಣದ ಮೊದಲ ಚಿತ್ರೋತ್ಸವದಲ್ಲಿ ಇತರ ದೇಶಗಳ ಚಿತ್ರಗಳೊಡನೆ ಪರಮೋಚ್ಚ ಪಾರಿತೋಷಕವನ್ನು ಹಂಚಿಕೊಂಡಿತು. ಅದೇ ವರ್ಷ ಶಾಂತಾರಾಮರು 'ಡಾಕ್ಟರ್ ಕೋಟ್ನೀಸ್ ಕೀ ಅಮರ್ ಕಹಾನಿ'ಯನ್ನು ತೆರೆಗೆ ತಂದರು. ಚೀನೀ ಯೋಧರ ಶುಶ್ರೂಷೆಗಾಗಿ ಹೋಗಿ ಅಲ್ಲಿಯೇ ಪ್ರಾಣಬಿಟ್ಟ ಆ ವೈದ್ಯರು ನಮ್ಮ ಗಡಿಯಂಚಿನ, ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲಸಿರುವ ಸೊಲ್ಲಾಪುರದವರು. ಅವರ ಕಥೆಯನ್ನು ಗ್ರಂಥರೂಪದಲ್ಲಿ ಬರೆದವರು ಅಬ್ಬಾಸರೇ. ಹಿಂದೆ ಶಾಂತಾರಾಮರನ್ನು ವಿಮರ್ಶಿಸಿದ ಲೇಖನಿಯಿಂದ ಶಾಂತಾರಾಮರೇ ಕಥೆಯನ್ನು ಪಡೆದರು. ನಿರ್ದಾಕ್ಷಿಣ್ಯವಾದ ವಿಮರ್ಶೆಯು ಕಲಾವಿದನಿಗೆ ಶತ್ರುವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

'ನೀನು ಬರೆಯಬಲ್ಲೆ, ಮಾಡಿತೋರಿಸು ನೋಡೋಣ' ಎಂದು ವಿಮರ್ಶಕರನ್ನು ಕೆಣಕುವುದು ಹಳೆಯ ವಾಡಿಕೆ. ಅನ್ನಕ್ಕೆ ಉಪ್ಪು ಹೆಚ್ಚಾಯಿತೆಂದು ಹೇಳಲು ಉಣ್ಣುವವನು ಅಡಿಗೆಯವನಾಗಿರಬೇಕಾಗಿಲ್ಲ. ಆದರೆ ಅಬ್ಬಾಸರು ಒಲೆಯ ಮುಂದೆಯೂ ನಿಂತರು. ಪರರಿಗಾಗಿ ಬರೆದ 'ಆವಾರಾ' (೧೯೫೧), 'ಶ್ರೀ ೪೨೦' (೧೯೫೫), 'ಬಾಬಿ' (೧೯೭೩) ಅಪಾರ ಧನವನ್ನು ತಂದವು. ೧೯೫೧ರಲ್ಲಿ ಸ್ಥಾಪಿಸಿದ 'ನಯಾ ಸಂಸಾರ್' ಎಂಬ ಸ್ವಂತ ಸಂಸ್ಥೆಯಿಂದ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಹಣ ತರಲಿಲ್ಲ. ಹಾಡುಕುಣಿತಗಳಿಲ್ಲದೆ ಚಿತ್ರವೇ ಇಲ್ಲವೆನ್ನುವ ಕಾಲದಲ್ಲಿ ೧೯೫೪ರಲ್ಲಿ ಹಾಡೇ ಇಲ್ಲದ 'ಮುನ್ನಾ' ತೆಗೆದರು. ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು ಸಿಗದೆ ಕೊಳಾಯಿಯ ದೊಡ್ಡ ಕೊಳವೆಯೊಳಗೆ ಸಂಸಾರ ಹೂಡುವ ದಂಪತಿಗಳ ಕಥೆಯಾದ 'ಶಹರ್ ಔರ್ ಸಪ್ನಾ' (೧೯೬೩) ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ತಾವು ವಿಮರ್ಶಕರಾಗಿ ಇತರರಿಂದ ಬಯಸಿದ ಗುಣವನ್ನೇ ತಮ್ಮ ಹಣ ಹೋದರೂ ತಮ್ಮ ಕೃತಿಯಲ್ಲಿ ಬಯಸಿದರು. ಎಲ್ಲವೂ ಉತ್ತಮ ಚಿತ್ರಗಳೆಂದು ನಾವು ಹೇಳೆವು; ಉಪದೇಶದ ಭಾರದಿಂದ ಕಥೆಯು ಕುಸಿದ ಸ್ಥಳಗಳುಂಟು. ಅವರೇ ವಿಮರ್ಶೆಯ ಪುಟದಲ್ಲಿ ಕುಳಿತಿದ್ದರೆ ಅದನ್ನು ಹೇಳದೆ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದರೂ ಪತ್ರಿಕೆಯ ಕೆಲಸವನ್ನು ಅವರು ಕೈಬಿಡಲಿಲ್ಲ. 'ಕ್ರಾನಿಕಲ್'ನಲ್ಲಿ ಪ್ರಾರಂಭಿಸಿದ 'ಲಾಸ್ಟ್ ಪೇಜ್', ಎಂದರೆ ಕೊನೆಯ ಪುಟ, ಎಂಬ ಅಂಕಣವನ್ನು ೧೯೪೭ರಲ್ಲಿ ಕರಂಜಿಯಾರವರ 'ಬ್ಲಿಟ್ಜ್' ವಾರಪತ್ರಿಕೆಗೆ ಒಯ್ದು, ೧೯೮೭ರ ಜೂನ್ ೧ರಂದು ಮರಣಹೊಂದುವ ವರ್ಷದವರೆಗೂ ನಡೆಸಿದರು. ನಾಲ್ವತ್ತು ವರ್ಷಗಳಿಗೂ ಮೀರಿ ವಾರವಾರವೂ ಒಂದೇ ಪುಟವನ್ನು ತುಂಬುವುದು ಎಂತಹ ತಪಸ್ಸೆಂಬುದನ್ನು ಅಚ್ಚಿನ ಮೊಳೆಗಳ ನಡುವೆ ಬಾಳು ಸವೆಸಿದವರು ಬಲ್ಲರು.

ಅವರ ಬಾಳಿನ ಇನ್ನೊಂದು ಹೋರಾಟವು ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯಿತು. ೧೯೬೮ರಲ್ಲಿ ಅವರು 'ಚಾರ್ ಶಹರ್ ಏಕ್ ಕಹಾನಿ' ಎಂಬ ಕಿರುಚಿತ್ರವನ್ನು ತೆಗೆದರು. ಕಲ್ಕತ್ತ, ಮುಂಬಯಿ, ಮದ್ರಾಸು, ದೆಹಲಿ ನಗರಗಳ ಸಿರಿವಂತಿಕೆಯ ಪಕ್ಕದಲ್ಲಿಯೇ ಅಲ್ಲಿನ ದಾರಿದ್ರ್ಯವನ್ನೂ, ಮುಂಬಯಿಯ ವೇಶ್ಯಾವಾಟಿಕೆಯನ್ನೂ ಅದರಲ್ಲಿ ತೋರಿಸಿದ್ದರು. ಸೆನ್ಸಾರ್ ಮಂಡಲಿಯವರು ಅದಕ್ಕೆ ಮೊದಲು ವಯಸ್ಕರಿಗೆ ಮಾತ್ರವೆಂಬ ಮುದ್ರೆಯನ್ನೊತ್ತಿದರು. ಮೇಲ್ಮನವಿಯ ಮೇಲೆ, ಆ ದೃಶ್ಯಗಳನ್ನು ಕತ್ತರಿಸಿದರೆ ಸರ್ವರಿಗೂ ತೋರಿಸಬಹುದೆಂಬ ಮಾತು ಬಂದಿತು. ಅಬ್ಬಾಸರು ನ್ಯಾಯಾಲಯಕ್ಕೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರವು ಕತ್ತರಿ ಹಾಕದೆ ಪರವಾನಗಿ ಕೊಡಲು ಒಪ್ಪಿತು. ತಮ್ಮ ಕೆಲಸವಾಯಿತೆಂದು ಅವರು ಮನೆಗೆ ಹೋಗಬಹುದಾಗಿತ್ತು. ಹಾಗೆ ಹೋಗದೆ, ಮುಂಚಿತವಾಗಿ ಪರಿಶೀಲಿಸುವ ಪದ್ಧತಿಯೇ ಸಂವಿಧಾನಕ್ಕೆ ಒಪ್ಪುವುದೆ ಎಂಬ ಮೂಲಪ್ರಶ್ನೆಯನ್ನು ಹಿಡಿದು ನಿಂತರು. ೧೯೭೦ರ ಸೆಪ್ಟೆಂಬರ್ ೨೪ರಂದು ಮುಖ್ಯ ನ್ಯಾಯಾಧೀಶರಾದ ಹಿದಾಯತುಲ್ಲಾರವರ ಪೀಠವು ತೀರ್ಪು ಕೊಟ್ಟಿತು. ಪರಿಶೀಲನೆಯ ಪದ್ಧತಿಯನ್ನು ನ್ಯಾಯಾಲಯವು ಎತ್ತಿಹಿಡಿಯಿತು; ಅಷ್ಟರಮಟ್ಟಿಗೆ ಅಬ್ಬಾಸರು ಸೋತರು. ಆದರೆ ಪರಿಶೀಲಕರಿಗೆ ಕೊಟ್ಟಿರುವ ಸೂಚನೆಗಳಲ್ಲಿ ಕಲೆಯ ರಕ್ಷಣೆಗೆ ಸಾಕಾದಷ್ಟು ಎಡೆಯಿಲ್ಲವೆಂದೂ ತೀರ್ಪು ಎತ್ತಿತೋರಿಸಿತು. ಕಾಲಮಿತಿಯೂ ಸ್ವತಂತ್ರವಾದ ಮೇಲ್ಮನವಿಯ ಏರ್ಪಾಡೂ ಬೇಕೆಂಬುದನ್ನು ಸರ್ಕಾರದ ವಕೀಲರೇ ಒಪ್ಪಿದರು. ೧೯೮೩ರಲ್ಲಿ ಅಂತಹ ಮೇಲ್ಮನವಿಯ ನ್ಯಾಯಮಂಡಲಿಯೊಂದು ಏರ್ಪಟ್ಟಿತು. ೨೦೨೧ರಲ್ಲಿ ಅದನ್ನು ರದ್ದುಪಡಿಸಲಾಯಿತು; ಈಗ ನೊಂದವರು ಉಚ್ಚ ನ್ಯಾಯಾಲಯದ ಬಾಗಿಲನ್ನೇ ತಟ್ಟಬೇಕು.

ಈ ಹಳೆಯ ಕಥೆಯನ್ನು ನಾವು ಇಂದು ಏಕೆ ಎತ್ತಿದೆವೆಂದು ವಾಚಕರು ಕೇಳಬಹುದು. ವಿಮರ್ಶೆಯ ಬಾಯಿಗೆ ಬೀಗ ಹಾಕಬೇಕೆಂಬ ಕೂಗು ಇತ್ತೀಚೆಗೆ ನಮ್ಮ ನೆರೆಹೊರೆಯ ಪ್ರಾಂತಗಳಲ್ಲಿ ಎದ್ದಿದೆ. ೨೦೨೪ರಲ್ಲಿ ಕೇರಳದ ಉಚ್ಚ ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು, ಚಿತ್ರವು ತೆರೆಕಂಡ ೪೮ ಗಂಟೆಗಳವರೆಗೆ ಅಂತರ್ಜಾಲದ ವಿಮರ್ಶಕರು ಸುಮ್ಮನಿರುವುದು ಲೇಸೆಂದು ವರದಿ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನಗಳ ವಿಮರ್ಶೆಯನ್ನು ನಿಷೇಧಿಸಬೇಕೆಂದು ಮದ್ರಾಸು ಉಚ್ಚ ನ್ಯಾಯಾಲಯವನ್ನು ಬೇಡಿದರು. ನ್ಯಾಯಾಲಯವು ಅಂತಹ ತಡೆಯನ್ನು ಕೊಡಲೊಪ್ಪಲಿಲ್ಲ. ನಿರ್ಮಾಪಕರ ದುಃಖವು ಸುಳ್ಳಲ್ಲ. ಚಿತ್ರವನ್ನು ನೋಡದೆಯೇ ಹಳಿಯುವವರು, ಹಣ ಕೊಟ್ಟರೆ ಹೊಗಳಿ ಕೊಡದಿದ್ದರೆ ತೆಗಳುವವರು ಇಂದು ಇದ್ದಾರೆ, ಅವರನ್ನು ಶಿಕ್ಷಿಸಲಿ. ಕಳ್ಳನಾಣ್ಯ ಚಲಾವಣೆಯಾಗುತ್ತಿದೆಯೆಂದು ಪೇಟೆಯಲ್ಲಿ ನಾಣ್ಯವೇ ಬೇಡವೆನ್ನುವುದುಂಟೆ? ಮೊದಲ ಮೂರು ದಿನಗಳಲ್ಲಿ ಟಿಕೇಟು ಕೊಳ್ಳುವವನ ಹಣವೂ ಹಣವೇ. ಚಿತ್ರವನ್ನು ಹೊಗಳುವ ಜಾಹಿರಾತಿಗೆ ಮೊದಲ ದಿನವೇ ಅನುಮತಿಯಿದ್ದರೆ, ಅದನ್ನು ಪರೀಕ್ಷಿಸುವ ಮಾತಿಗೂ ಮೊದಲ ದಿನವೇ ಅನುಮತಿಯಿರತಕ್ಕದ್ದು.

ಪತ್ರಿಕೆಯ ಒಡೆಯರಾಗಿ ನಮ್ಮ ಕಡೆಯ ಮಾತನ್ನೂ ಹೇಳಬೇಕು. ಒಮ್ಮೆ ಚಿತ್ರ ಹಂಚಿಕೆದಾರರೊಬ್ಬರು ಜಾಹಿರಾತಿನ ಹಣದ ಜೊತೆಗೆ ಬರೆದು ಸಿದ್ಧಪಡಿಸಿದ ವಿಮರ್ಶೆಯನ್ನೂ ನಮ್ಮ ಕಛೇರಿಗೆ ಕಳುಹಿಸಿದರು. ಜಾಹಿರಾತನ್ನು ಜಾಹಿರಾತೆಂದೇ ಅಚ್ಚುಮಾಡಿದೆವು, ವಿಮರ್ಶೆಯನ್ನು ಹಿಂದಿರುಗಿಸಿದೆವು, ನಮ್ಮವನು ಚಿತ್ರವನ್ನು ನೋಡಿಬಂದು ತನಗೆ ತೋರಿದುದನ್ನು ಬರೆದನು. ಅನಂತರ ಬಹುಕಾಲ ಅವರಿಂದ ಜಾಹಿರಾತು ಬರಲಿಲ್ಲ. ಕಾಗದದ ವರ್ತಕನಿಗೆ ಆ ಸಲ ಬಾಕಿ ಉಳಿಸಿಕೊಳ್ಳಬೇಕಾಯಿತು. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ವಿಮರ್ಶಕನ ಸ್ವಾತಂತ್ರ್ಯವು ಅವನ ಲೇಖನಿಯಲ್ಲಿರುವಷ್ಟೇ ಒಡೆಯನ ಹಣದ ಪೆಟ್ಟಿಗೆಯಲ್ಲಿಯೂ ಇದೆಯೆಂಬುದನ್ನು ತೋರಿಸಲು ಹೇಳಿದ್ದೇವೆ. 'ಕ್ರಾನಿಕಲ್' ಪತ್ರಿಕೆಯು ದೊರೆತನದ ಕೋಪವನ್ನು ತಾಳಿದ ಪತ್ರಿಕೆಯಾದುದರಿಂದಲೇ ಅದರ ಸಿನಿಮಾ ಪುಟದಲ್ಲಿಯೂ ಬೆನ್ನುಮೂಳೆಯಿದ್ದಿತು. ಮೊದಲ ಪುಟದಲ್ಲಿ ಧೀರನೆನಿಸಿ ಸಿನಿಮಾ ಪುಟದಲ್ಲಿ ಹೊಗಳುಭಟ್ಟನಾಗುವ ಪತ್ರಿಕೆಯನ್ನು ವಾಚಕನು ಬಹುಕಾಲ ನಂಬುವುದಿಲ್ಲ.

ಆಗಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ವಿಮರ್ಶಕನ ಟಿಕೇಟಿನ ಬೆಲೆಯನ್ನು ಪತ್ರಿಕೆಯೇ ತೆರಲಿ. ಚಿತ್ರಸಂಸ್ಥೆಗಳಲ್ಲಿ ಅವನಿಗೆ ಬೇರೆ ಸಂಬಳವಿರಕೂಡದು. ಇರದಂತೆ ಅವನ ಸಂಬಳವಿರಲಿ. ಹಣ ಪಡೆದು ಅಚ್ಚುಮಾಡಿದ ಪ್ರತಿ ಸಾಲಿನ ಮೇಲೂ ಜಾಹಿರಾತೆಂಬ ಹೆಸರಿರಲಿ. ತನಗೆ ಅನ್ಯಾಯವಾಯಿತೆನ್ನುವ ನಿರ್ಮಾಪಕನ ಪತ್ರಕ್ಕೆ ಅದೇ ಪುಟದಲ್ಲಿ ಸ್ಥಳ ದೊರೆಯಲಿ. ವಾಚಕರಾದವರು ಮೊಬೈಲಿನಲ್ಲಿ ಬರುವ ಐದು ನಕ್ಷತ್ರಗಳ ಲೆಕ್ಕಕ್ಕೆ ಮರುಳಾಗದೆ, ಕಾರಣವನ್ನು ಹೇಳುವ ವಿಮರ್ಶೆಯನ್ನು ಹುಡುಕಿ ಓದಲಿ. ಪತ್ರಿಕೆಯ ಬೆಲೆಯು ಒಂದೆರಡು ರೂಪಾಯಿ ಏರಿದಾಗ ಗೊಣಗುವ ಮುನ್ನ, ಆ ಒಂದೆರಡು ರೂಪಾಯಿಗಳು ತಮ್ಮ ಪಕ್ಷದಲ್ಲಿ ಒಬ್ಬನನ್ನು ಚಿತ್ರಮಂದಿರದೊಳಗೆ ಕೂರಿಸುತ್ತವೆಂಬುದನ್ನು ನೆನೆಯಲಿ. ಅವನಿಗೆ ಸಂಬಳ ಕೊಡುವವರು ವಾಚಕರಾದರೆ ಅವನು ವಾಚಕರ ಮಾತನ್ನಾಡುವನು. ಚಿತ್ರದವರಾದರೆ ಚಿತ್ರದವರ ಮಾತನ್ನಾಡುವನು.